ಹೊಗೆ ತುಂಬದ ಕುರ್ಚಿ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಇದನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ನೀವು ನನ್ನನ್ನೂ ಅವರ ಸಾಲಿಗೆ ಸೇರಿಸಬಹುದು. ಸೇರಿಸಿ, ನನ್ನದೇನೂ ತಕರಾರಿಲ್ಲ. ಆದರೆ ಅಂಥವರನ್ನು ನಾನು ಎಷ್ಟು ಗೋಳು ಹೊಯ್ದುಕೊಂಡವನು ಎಂಬುದೂ ನಿಮಗೆ ಗೊತ್ತಿರಲಿ.

ನನ್ನೂರು ಅಂಕಲಿ. ನಾನು ಇಂಜಿನಿಯರಿಂಗ್ ಓದುತ್ತಿದ್ದಾಗ ನಮ್ಮ ಕಬ್ಬಿನ ಹೊಲದ ಆಚೆ ಮಧ್ಯಾಹ್ನದ ಹೊತ್ತು ಯಾರೋ ಹೆಂಗಸು ಅಳುತ್ತಾಳೆ ಎಂದು ಸುದ್ದಿ ಹಬ್ಬಿತ್ತು. ಆಳುಗಳು ನೀರು ಹಾಯಿಸಲು ಹೋಗಲೊಲ್ಲೆವು ಎಂದರು. ಊರಿಗೆಲ್ಲ ಧೈರ್ಯ ಹೇಳುತ್ತಿದ್ದ ನಮ್ಮ ಕಾಕಾ ಕೂಡ ಜೇಬಿನಲ್ಲಿ ಲಿಂಬೆಹಣ್ಣು ಇಟ್ಟುಕೊಂಡೇ ಹೊಲಕ್ಕೆ ಹೋಗುತ್ತಿದ್ದರು. ನಾನು ರಜೆಗೆ ಬಂದವನು ಹೋಗಿ ನೋಡಿದೆ. ಹೊಳೆಯಿಂದ ನೀರೆತ್ತುವ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡು, ಸಡಿಲಾದ ಒಂದು ಜೋಡಣೆಯಿಂದ ಊಳಿಡುತ್ತ ಹೊರಗೆ ಬರುತ್ತಿತ್ತು. ನಟ್ಟು ತಿರುಗಿಸುವ ಪಾನಾ ತಂದು ಬಿಗಿ ಮಾಡಿದೆ. ಹೆಂಗಸಿನ ಅಳು ನಿಂತಿತು. ಕಾಕಾ ಲಿಂಬೆಹಣ್ಣನ್ನು ಕೊಯ್ದು ಪಾನಕ ಮಾಡಿಸಿ ಕುಡಿದರು. ಮುಂದೆ ಎಷ್ಟೋ ವರ್ಷ ನಾನು ಆ ಪಾನಕದ ಕಥೆಯನ್ನು ಹೋದಲ್ಲೆಲ್ಲ ಹೇಳಿ ನಗಿಸುತ್ತಿದ್ದೆ.

ನನಗೆ ಸಿಕ್ಕ ಕೆಲಸವೂ ಅಂಥದ್ದೇ. ಚಿಕ್ಕೋಡಿಯ ಒಂದು ಸಣ್ಣ ಖಾಸಗಿ ಸಂಸ್ಥೆ. ಸುತ್ತಲಿನ ಟಾಕೀಸುಗಳು, ಅಥಣಿ ಕಡೆಯ ಒಣದ್ರಾಕ್ಷಿಯ ಶೀತಲಗೃಹಗಳು, ರಾಯಬಾಗದ ಕಡೆಯ ಹಾಲಿನ ಕೇಂದ್ರಗಳು, ಹೀಗೆ ಜನ ಸೇರುವ ಅಥವಾ ಸರಕು ತುಂಬುವ ಕಟ್ಟಡಗಳಲ್ಲಿ ಗಾಳಿ ಸರಿಯಾಗಿ ಬಂದು ಹೋಗುತ್ತದೆಯೇ, ತಂಪಿನ ಯಂತ್ರ ಯಾರ ಜೀವಕ್ಕೂ ಅಪಾಯವಿಲ್ಲದೆ ನಡೆಯುತ್ತದೆಯೇ ಎಂದು ವರ್ಷಕ್ಕೊಮ್ಮೆ ಪರೀಕ್ಷಿಸುವುದು ನಮ್ಮ ಕೆಲಸ. ನಾವು ಸರಿ ಎಂದು ಬರೆದುಕೊಟ್ಟರೆ ಪರವಾನಗಿ ಮುಂದುವರಿಯುತ್ತಿತ್ತು. ಇಲ್ಲವಾದರೆ ಮಾಲೀಕರು ನಮ್ಮ ಮೇಲೆ ಹಲ್ಲು ಕಡಿಯುತ್ತಿದ್ದರು. ನನ್ನ ಮೇಲೆ ಹಲ್ಲು ಕಡಿದವರು ಬಹಳ ಮಂದಿ.

ಗಾಳಿಯ ಹಾದಿ ನೋಡಲೆಂದು ಪೇಟೆಯಲ್ಲಿ ಸಿಗುವ ಹೊಗೆಯ ನಳಿಕೆಗಳ ಬೆಲೆ ನಮಗೆ ಎಟುಕುತ್ತಿರಲಿಲ್ಲ. ಅದಕ್ಕೆ ನಾವು ತಗಡಿನ ಬುಟ್ಟಿಯಲ್ಲಿ ಕೆಂಡ ಹಾಕಿ, ಅದರ ಮೇಲೆ ಲೋಬಾನ ಉದುರಿಸುತ್ತಿದ್ದೆವು. ಬಿಳಿ ಹೊಗೆ ಏಳುತ್ತದೆ. ಫ್ಯಾನು, ಬ್ಲೋವರ್ ಚಾಲೂ ಮಾಡಿ ಆ ಹೊಗೆ ಎತ್ತ ಹೋಗುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂದು ನೋಡಬೇಕು. ಹೊಗೆ ಸರಸರ ಸಾಗಿದ ಕಡೆ ಮನುಷ್ಯ ಉಸಿರಾಡಬಲ್ಲ. ಹೊಗೆ ನಿಂತ ಕಡೆ ಗಾಳಿ ಸತ್ತಿದೆ ಎಂದು ಅರ್ಥ. ಟಾಕೀಸಿನ ಕಾವಲುಗಾರರು ನಾನು ಪೂಜೆ ಮಾಡಲು ಬಂದಿದ್ದೇನೆ ಎಂದುಕೊಂಡು ಚಪ್ಪಲಿ ಕಳಚಿ ನಿಲ್ಲುತ್ತಿದ್ದರು. ನಾನು ಬೇಡ ಎನ್ನುತ್ತಿರಲಿಲ್ಲ. ಅಷ್ಟಾದರೂ ಸುಮ್ಮನೆ ನಿಂತಿರುತ್ತಾರಲ್ಲ ಎಂದು.

ಇದು ನಡೆದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ನಿಪ್ಪಾಣಿಯ ಒಂದು ಟಾಕೀಸಿನಲ್ಲಿ. ಹೆಸರು ಹೇಳುವುದಿಲ್ಲ. ಈಗ ಅದು ಇಲ್ಲ. ಅದಕ್ಕೂ ಮೊದಲಿನ ವರ್ಷಗಳಲ್ಲಿ ಅಲ್ಲಿಗೆ ನಮ್ಮ ಸಂಸ್ಥೆಯ ಬೇರೆಯವರು ಹೋಗುತ್ತಿದ್ದರು. ನಾನು ಹೋದದ್ದು ಅದೇ ಮೊದಲು. ಶುಕ್ರವಾರ ದೊಡ್ಡದೊಂದು ಹೊಸ ಸಿನಿಮಾ ಬರುವುದಿತ್ತು, ಊರ ತುಂಬ ಪೋಸ್ಟರು ಅಂಟಿಸಿದ್ದರು. ಅದಕ್ಕೆ ಎರಡು ದಿನ ಮುಂಚೆ ಬೆಳಿಗ್ಗೆ ನಾನು ಕೆಂಡದ ಬುಟ್ಟಿ, ಲೋಬಾನದ ಚೀಲ ಹಿಡಿದು ಬಾಗಿಲಿಗೆ ಬಂದಾಗ ಒಬ್ಬ ಹೆಂಗಸು ಅಡ್ಡ ನಿಂತಳು. ವಯಸ್ಸು ಐವತ್ತರ ಆಚೆ ಈಚೆ. ಕೈಬೆರಳುಗಳು ತಂಬಾಕಿನ ಕಂದು ಹಿಡಿದು ಹೋಗಿದ್ದವು. ಟಾಕೀಸಿನ ಮಗ್ಗುಲಿಗೇ, ಒಂದು ಸಣ್ಣ ಓಣಿಯ ಆಚೆ, ತಂಬಾಕು ತುಂಬಿಡುವ ದೊಡ್ಡ ವಖಾರ ಇತ್ತು. ಅಲ್ಲಿ ಎಲೆ ಬಡಿದು ಸೋಸುವ ಹೆಂಗಸರಲ್ಲಿ ಅವಳೂ ಒಬ್ಬಳು. ಹೆಸರು ಅಕ್ಕಾತಾಯಿ ಎಂದು ಆಮೇಲೆ ತಿಳಿಯಿತು.

"ಗಾಳಿ ತಪಾಸ ಮಾಡಾವ್ರು ನೀವ ಏನ್ರಿ?" ಎಂದು ಕೇಳಿದಳು.

ಹೌದು ಎಂದೆ.

"ಹ್ವಾದ ಬ್ಯಾಸಗ್ಯಾಗ ನನ್ನ ಮಗಳು ಸುಮನ ಇದರಾಗ ಕುಂತಲ್ಲೇ ಸತ್ತಳ್ರಿ. ಮಾಲಕರು ಆಕಿಗಿ ದಮ್ಮಿನ ಬ್ಯಾನಿ ಇತ್ತು ಅಂತಾರ. ಊರ ಮಂದೀನೂ ಹಂಗs ಅಂತೈತಿ. ವಖಾರದ ಹುಡುಗಿ, ದಮ್ಮ ಇರಾಕs ಬೇಕು ಅಂತ. ನನ್ನ ಮಗಳಿಗಿ ದಮ್ಮ ಇರಲಿಲ್ರಿ ಸಾಹೇಬ್ರ. ನೀವು ಚಲೋತ್ನಂಗ ನೋಡ್ರಿ. ಇಷ್ಟs ನಾ ಕೇಳೂದು."

ಅವಳು ಅಳಲಿಲ್ಲ, ಕೈ ಮುಗಿಯಲಿಲ್ಲ. ಹೇಳಿದ್ದು ಹೇಳಿ ವಖಾರದ ಕಡೆ ನಡೆದುಬಿಟ್ಟಳು. ಬೇಡಿಕೊಂಡಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ. ಹಾಗೆ ಕಡಿದು ಹೇಳಿದ್ದರಿಂದ ಮಾತು ಎದೆಯಲ್ಲಿ ನಟ್ಟಿತು.

ಒಳಗೆ ನನಗೆ ಜೊತೆಯಾದವನು ಸಿನಿಮಾ ಯಂತ್ರ ನಡೆಸುವ ದಸ್ತಗೀರ. ತೆಳ್ಳಗಿನ, ಮಾತಿಗೆ ಮುಂಚೆ ನಗುವ ಮನುಷ್ಯ. ಸುಮನಳ ವಿಷಯ ಅವನನ್ನೇ ಕೇಳಿದೆ. ಮೇ ತಿಂಗಳ ಮ್ಯಾಟಿನಿ, ಹೌಸ್‌ಫುಲ್, ನಡುವೆ ಕರೆಂಟು ಹೋಯಿತು. ಅಲ್ಲಿಯ ಜನರೇಟರ್ ಸಣ್ಣದು. ಅದರಿಂದ ಸಿನಿಮಾ ಯಂತ್ರ ನಡೆಯುತ್ತಿತ್ತು, ಬ್ಲೋವರ್ ನಡೆಯುತ್ತಿರಲಿಲ್ಲ. ನಮ್ಮ ಕಡೆ ಹಲವು ಟಾಕೀಸುಗಳಲ್ಲಿ ಅದೇ ರೂಢಿ. ಸಿನಿಮಾ ನಿಂತರೆ ಜನ ಕುರ್ಚಿ ಮುರಿಯುತ್ತಾರೆ, ಗಾಳಿ ನಿಂತರೆ ಬೆವರು ಒರೆಸಿಕೊಳ್ಳುತ್ತಾರೆ. ಆಟ ಮುಗಿದು ದೀಪ ಹತ್ತಿದಾಗ ಹೆಂಗಸರ ಬಾಜೂಕಿನಲ್ಲಿ ಕೆಲವರಿಗೆ ತಲೆ ಸುತ್ತಿತ್ತು. ಸುಮನ ಮಾತ್ರ ಏಳಲಿಲ್ಲ. ಇಷ್ಟು ಹೇಳಿ ದಸ್ತಗೀರ ಕೆಂಡ ಊದುವ ನೆಪದಲ್ಲಿ ಮುಖ ತಿರುಗಿಸಿದ. ಅವಳು ಎಲ್ಲಿ ಕುಳಿತಿದ್ದಳು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಇದು ಮುಖ್ಯ, ನೆನಪಿಡಿ.

ಹೆಂಗಸರ ಬಾಜೂಕು ಎಂದರೆ ಸಭಾಂಗಣದ ಎಡಗಡೆ, ಬಾಲ್ಕನಿಯ ಕೆಳಗೆ, ಮೋಟು ಗೋಡೆ ಹಾಕಿ ಬೇರೆ ಮಾಡಿದ ಜಾಗ. ತಲೆಯ ಮೇಲೆ ತಗ್ಗಾದ ಸೂರು. ಪಕ್ಕದ ಗೋಡೆಗೆ ನೀಲಿ ಬಣ್ಣ, ಅದರ ಮೇಲೆ ಸಾಲಾಗಿ ದೊಡ್ಡ ದೊಡ್ಡ ಕಮಲದ ಚಿತ್ರ. ಚೆನ್ನಾಗಿಯೇ ಬರೆದಿದ್ದರು.

ಬ್ಲೋವರ್ ಚಾಲೂ ಮಾಡಿಸಿದೆ. ಒದ್ದೆ ಲಾವಂಚದ ತಂಪು ಬಂತು. ಗಂಡಸರ ಕಡೆ ಲೋಬಾನದ ಹೊಗೆ ಅಚ್ಚುಕಟ್ಟಾಗಿ ಎದ್ದು ಹೊರಹಾಕುವ ಫ್ಯಾನುಗಳತ್ತ ಹೋಯಿತು. ತಪ್ಪು ತೆಗೆಯಲು ಬಂದ ನನಗೇ ಬೇಸರವಾಗುವಷ್ಟು ಸರಿಯಾಗಿತ್ತು. ಆಮೇಲೆ ಕೆಂಡದ ಬುಟ್ಟಿಯನ್ನು ಹೆಂಗಸರ ಬಾಜೂಕಿಗೆ ಒಯ್ದೆವು. ದಸ್ತಗೀರ ಬಾಗಿಲಲ್ಲಿ ನಿಂತ. ನಾನು ಲೋಬಾನ ಉದುರಿಸಿ ಮುಂದಿನ ಸಾಲಿಗೆ ಬಂದು ತಿರುಗಿ ನಿಂತೆ.

ಅಲ್ಲಿ ಹೊಗೆ ಕದಲಲಿಲ್ಲ. ಏರಿ ಸೂರಿಗೆ ಮುಟ್ಟಿ, ಅಲ್ಲಿಂದ ಕೆಳಗಿಳಿದು, ಕುರ್ಚಿಗಳ ಮೇಲೆ ದಪ್ಪ ಕಂಬಳಿ ಹೊದಿಸಿದಂತೆ ಕೂತುಬಿಟ್ಟಿತು. ಇಂಥಲ್ಲಿ ಜನರನ್ನು ಕೂಡಿಸಿ ಬಾಗಿಲು ಹಾಕುತ್ತಿದ್ದರೇ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಆಗ ಕಂಡಿತು.

ಗೋಡೆಗೆ ತಾಗಿದ ತುದಿಯ ಒಂದು ಕುರ್ಚಿಯಲ್ಲಿ ಹೊಗೆ ಇರಲಿಲ್ಲ. ಎಲ್ಲ ಕುರ್ಚಿಗಳನ್ನೂ ತುಂಬಿದ ಹೊಗೆ ಅದೊಂದನ್ನು ಬಿಟ್ಟಿತ್ತು. ಬಿಟ್ಟಿದ್ದ ಜಾಗಕ್ಕೆ ಒಂದು ಆಕಾರವಿತ್ತು. ಕುಳಿತ ಮನುಷ್ಯನ ಆಕಾರ. ಭುಜ ಗೊತ್ತಾಗುತ್ತಿತ್ತು, ತಲೆ ಗೊತ್ತಾಗುತ್ತಿತ್ತು, ತಲೆಯ ಹಿಂದೆ ಕಟ್ಟಿದ ತುರುಬಿನ ಉಬ್ಬೂ ಗೊತ್ತಾಗುತ್ತಿತ್ತು. ತಲೆ ಪರದೆಯ ಕಡೆಗಿರಲಿಲ್ಲ. ಗೋಡೆಯತ್ತ ಹೊರಳಿ ಒಂದು ಕಮಲಕ್ಕೆ ಮುಖ ಒತ್ತಿದಂತಿತ್ತು. ಅಲ್ಲಿ ಯಾರೂ ಇರಲಿಲ್ಲ. ಇಷ್ಟನ್ನು ಮಾತ್ರ ನಾನು ಆಣೆ ಮಾಡಿ ಹೇಳಬಲ್ಲೆ, ಖಾಲಿ ಕುರ್ಚಿ ಅದು. ಅದರ ಹಿಂಬದಿಯ ಹಲಗೆಯ ಮೊಳೆಗಳೂ ನನಗೆ ಸ್ಪಷ್ಟವಾಗಿ ಕಾಣುತ್ತಿದ್ದವು.

ಎಲ್ಲಿಂದಲೋ ಗಾಳಿಯ ಎಳೆಯೊಂದು ಬರುತ್ತಿರಬೇಕು ಎಂದುಕೊಂಡು ಹತ್ತಿರ ಹೋದೆ. ಹೆದರಿರಲಿಲ್ಲ, ಇನ್ನೂ ಇಂಜಿನಿಯರನಾಗಿಯೇ ಇದ್ದೆ. ಹತ್ತಿರ ಹೋದಾಗ ಕಂಡದ್ದು ಇದು. ಆ ಮುಖ ಇರಬೇಕಾದ ಕಡೆ, ಬಾಯಿ ಇರಬೇಕಾದ ಕಡೆ, ಹೊಗೆಯ ಅಂಚು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ಒಳಗೆ, ಹೊರಗೆ. ಮೊದಲು ಸಾವಕಾಶ. ಆಮೇಲೆ ಬೇಗ ಬೇಗ. ನನ್ನ ಕೈ ಮುಂದೆ ಚಾಚಿದ್ದು ಅಲ್ಲೇ ನಿಂತಿತು.

ಹಿಂದಿನಿಂದ ದಸ್ತಗೀರ ಕೂಗಿದ. "ಸಾಹೇಬ್ರ, ಆ ಬಾಯಾರ್ನ ಎಬ್ಬಸ್ರಿ ಮೊದಲ! ಉಸಿರು ಕಟ್ಟಾಕತ್ತೈತಿ ಅವರಿಗಿ!"

ಅವನು ಕೂಗಿದ್ದು ಇದೇ ಮಾತು. ಹೊಗೆಯಲ್ಲಿ ಸಂದು ಕಾಣುತ್ತಿದೆ ಎಂದಲ್ಲ. ಬಾಗಿಲಲ್ಲಿ ನಿಂತ ಅವನಿಗೆ ಅಲ್ಲೊಬ್ಬ ಹೆಂಗಸು ಕಂಡಿದ್ದಳು. ನಾನು ತಿರುಗಿ ಅವನನ್ನು ನೋಡಿ ಮತ್ತೆ ಕುರ್ಚಿಯ ಕಡೆ ನೋಡುವಷ್ಟರಲ್ಲಿ ಆ ಒಳಗೆ ಹೊರಗೆ ನಿಂತಿತ್ತು. ಆಕಾರ ಇನ್ನೂ ಇತ್ತು, ಅಲುಗಾಟ ಇರಲಿಲ್ಲ. ನೋಡುತ್ತಿದ್ದಂತೆ ಹೊಗೆ ನಾಲ್ಕೂ ಕಡೆಯಿಂದ ಸರಿದು ಬಂದು ಅದನ್ನು ಮುಚ್ಚಿತು. ಆ ಕುರ್ಚಿಯೂ ಉಳಿದ ಕುರ್ಚಿಗಳಂತಾಯಿತು.

ಈಗ ಹೆದರಿದ್ದೆ. ಹೇಳಲು ನನಗೇನೂ ಸಂಕೋಚವಿಲ್ಲ. ಆದರೆ ಓಡಲಿಲ್ಲ. ಆ ಮುಖ ಒತ್ತಿದ್ದ ಕಮಲದ ಮೇಲೆ ಬೆರಳು ಮಡಚಿ ಬಡಿದೆ. ಟೊಳ್ಳು ಸಪ್ಪಳ ಬಂತು. ಒಂದು ಮಾರು ಆಚೆ ಬಡಿದೆ. ಗಟ್ಟಿ. ಮತ್ತೆ ಕಮಲಕ್ಕೆ ಬಂದೆ. ಟೊಳ್ಳು. ಮುಂದಿನ ಕಮಲವೂ ಟೊಳ್ಳು. ದಸ್ತಗೀರನನ್ನು ಕರೆದು ಸುತ್ತಿಗೆ ಕೇಳಿದೆ. ಓಡಿಹೋದವನು ಸುತ್ತಿಗೆಯ ಬದಲು ಮಾಲೀಕರನ್ನೇ ಕರೆತಂದ.

ಮಾಲೀಕರು ಅಪ್ಪಾಸಾಹೇಬರು. ಕೆಟ್ಟವರಲ್ಲ. ಸಿನಿಮಾದ ದುಃಖದ ದೃಶ್ಯಕ್ಕೆ ತಾವೇ ಮೊದಲು ಕಣ್ಣೀರು ಹಾಕುವ ಜಾತಿ. ಕಮಲದ ಹಿಂದೆ ಏನಿದೆ ಎಂದು ಕೇಳಿದಾಗ ಅವರು ಮುಚ್ಚಿಡಲಿಲ್ಲ.

"ಗಾಳಿಕಿಂಡಿ ಇದ್ದೂರಿ. ಹಂಗಾಮದಾಗ ವಖಾರದ ಘಾಟು ಸೀದಾ ಒಳಗ ಬರ್ತಿತ್ತು. ಹೆಣ್ಮಕ್ಕಳು ಸೀನಿ ಸೀನಿ ಸಿನೇಮಾ ನೋಡಾಕ ಆಗವಲ್ದು ಅಂದ್ರು. ಅವರs ಬಂದು ಮುಚ್ಚಸ್ರಿ ಅಂದಿದ್ದಕ್ಕ ಮುಚ್ಚಿಸೀನ್ರಿ. ಚಂದ ಕಾಣಲಿ ಅಂತ ಹೂವಿನ ಚಿತ್ರಾ ತಗಸೀನಿ. ನಾ ಏನ್ ಕೆಟ್ಟದ್ದ ಮಾಡೀನಿ ಹೇಳ್ರಿ?"

ಅವರಿಗೆ ನಾನು ಏನು ಹೇಳಲಿ? ನಮ್ಮ ಕಡೆಯ ಮಂದಿಗೆ ಮಾತ್ರ ಮಾಡಲು ಬರುವಂಥ ತಪ್ಪು ಅದು. ಹಂಗಾಮದ ಘಾಟು ಗೊತ್ತಿದ್ದವರಿಗೆ ಆ ಕಿಂಡಿ ಮುಚ್ಚುವುದು ಉಪಕಾರವೆಂದೇ ಅನ್ನಿಸುತ್ತದೆ. ಬ್ಲೋವರಿನ ಗಾಳಿ ಆ ತಗ್ಗು ಸೂರಿನ ಕೆಳಗೆ ಬರುವುದೇ ಇಲ್ಲ, ಆ ಭಾಗ ಉಸಿರಾಡುತ್ತಿದ್ದದ್ದು ಈ ಕಿಂಡಿಗಳಿಂದಲೇ ಎಂದು ಯಾರಿಗೂ ಹೊಳೆದಿರಲಿಲ್ಲ. ನಮ್ಮ ಸಂಸ್ಥೆಯವರಿಗೂ ಹೊಳೆದಿರಲಿಲ್ಲ.

"ಒಡೆಸಿ," ಎಂದೆ.

"ಶುಕ್ರವಾರ ಪಿಕ್ಚರ್ ಐತ್ರಿ ಸಾಹೇಬ್ರ. ಅದು ಮುಗದ ಮ್ಯಾಲ..."

"ಈಗಲೇ ಒಡೆಸಿ. ಇಲ್ಲದಿದ್ದರೆ ಶುಕ್ರವಾರ ನಿಮ್ಮ ಪಿಕ್ಚರೂ ಇಲ್ಲ, ಪರವಾನಗಿಯೂ ಇಲ್ಲ."

ಅಷ್ಟು ಗಟ್ಟಿಯಾಗಿ ನಾನು ಅಲ್ಲಿಯವರೆಗೆ ಯಾವ ಮಾಲೀಕರಿಗೂ ಹೇಳಿರಲಿಲ್ಲ. ಅವರು ನನ್ನ ಮುಖ ನೋಡಿದರು, ದಸ್ತಗೀರನ ಬಿಳಿಚಿದ ಮುಖ ನೋಡಿದರು. ಏನಾಯಿತು ಎಂದು ಕೇಳಿದರು. ಕಂಡದ್ದನ್ನು ಹೇಳಿದೆ, ಯಾವ ಕುರ್ಚಿ ಎಂದು ಮಾತ್ರ ಹೇಳಲಿಲ್ಲ. ಅವರು ದಸ್ತಗೀರನ ಕಡೆ ತಿರುಗಿ, "ನೀ ಏನ್ ನೋಡೀಯೋ?" ಎಂದರು. "ನಾ ಏನೂ ನೋಡಿಲ್ರಿ ಮಾಲಕ. ಹೊಗಿ ಇತ್ತು, ಅಷ್ಟs," ಎಂದ ಅವನು. ನಾನು ಅವನನ್ನು ನೋಡಿದೆ. ಅವನು ನೆಲ ನೋಡಿದ.

ಕೊನೆಗೆ ಹಾರೆ ಬಂತು. ಕಮಲದ ನಡುವಿಗೆ ಏಟು ಬಿದ್ದಾಗ ಆಚೆಯ ಓಣಿಗೆ ಇಟ್ಟಿಗೆಗಳು ಉರುಳಿದವು. ಬೆಳಕು ಬಂತು, ಅದರ ಜೊತೆ ತಂಬಾಕಿನ ಘಾಟೂ ಬಂತು. ನನ್ನ ಹಿಂದೆ ನಿಂತ ಅಪ್ಪಾಸಾಹೇಬರು ಸೀನಿದರು. ಹೆಂಗಸರ ಬಾಜೂಕಿನಲ್ಲಿ ಕದಲದೆ ಕೂತಿದ್ದ ಹೊಗೆ ಆ ತೂತಿನತ್ತ ಹರಿಯತೊಡಗಿತು.

ಸಪ್ಪಳ ಕೇಳಿ ವಖಾರದ ಹೆಂಗಸರು ಓಣಿಗೆ ಬಂದಿದ್ದರು. ಮೂಗಿಗೆ ಅರಿವೆ ಕಟ್ಟಿಕೊಂಡ ಮುಖಗಳು. ಅವರನ್ನು ಸರಿಸಿಕೊಂಡು ಅಕ್ಕಾತಾಯಿ ಮುಂದೆ ಬಂದಳು. ಬಾಯಿಯ ಅರಿವೆ ಕೆಳಗಿಳಿಸಿ, ಒಡೆದ ಕಿಂಡಿಯಲ್ಲಿ ತಲೆಯಿಟ್ಟು ಒಳಗೆ ನೋಡಿದಳು. ಅವಳ ಮುಖದ ಕೆಳಗೇ ಆ ಕುರ್ಚಿ ಇತ್ತು. ಬಹಳ ಹೊತ್ತು ಅದನ್ನೇ ನೋಡಿದಳು.

"ಸುಮನ ಕುಂತಿದ್ದು ಇದs ಖುರ್ಚಿರಿ," ಎಂದಳು. "ಕಿಂಡಿ ಇಷ್ಟು ಸನೇಕ ಇತ್ತನ್ರಿ?"

ಯಾವ ಕುರ್ಚಿಯೆಂದು ನಾನು ಯಾರಿಗೂ ಹೇಳಿರಲಿಲ್ಲ, ಅದನ್ನು ಮತ್ತೊಮ್ಮೆ ಹೇಳುತ್ತೇನೆ. ಅಪ್ಪಾಸಾಹೇಬರು ಅವಸರದಿಂದ ಮುಂದೆ ಬಂದು, "ನೋಡ ಅಕ್ಕಾತಾಯಿ, ನೀವs ನಾಕ ಮಂದಿ ಬಂದು ಮುಚ್ಚಸ್ರಿ ಅಂದಿದ್ರಿಲ್ಲೋ? ನೀನೂ ಬಂದಿದ್ದಿ," ಎಂದರು.

ತಾಯಿಯೇ ಕೇಳಿ ಮುಚ್ಚಿಸಿದ ಕಿಂಡಿ ಅದು. ದಿನವಿಡೀ ಆ ಘಾಟಿನಲ್ಲಿ ದುಡಿಯುವವರು ಸಿನಿಮಾ ನೋಡುವಾಗಲಾದರೂ ಅದು ಬೇಡ ಎಂದು ಕೇಳಿದ್ದರು. ಅವಳು ಅಲ್ಲೇ ಕುಸಿಯುತ್ತಾಳೆ ಎಂದುಕೊಂಡೆ. ಕಿಂಡಿಯ ಅಂಚನ್ನು ಹಿಡಿದ ಅವಳ ಬೆರಳುಗಳು ಬಿಗಿಯಾದವು. ಕಣ್ಣಲ್ಲಿ ನೀರು ಬಂತು, ದನಿ ಮಾತ್ರ ಬಾಗಲಿಲ್ಲ.

"ಹೌದ್ರಿ, ಬಂದಿದ್ನಿ. ಘಾಟು ಬ್ಯಾಡ ಅಂದಿದ್ವಿರಿ ಮಾಲಕ. ಗಾಳಿ ಬ್ಯಾಡ ಅಂದಿರಲಿಲ್ಲ."

ಅಪ್ಪಾಸಾಹೇಬರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಈ ಸಲ ಸೀನಿಗಲ್ಲ. ಆಮೇಲೆ ಅವರ ಬಾಯಲ್ಲಿ ದಮ್ಮಿನ ಮಾತು ನಾನು ಕೇಳಲಿಲ್ಲ.

ಶುಕ್ರವಾರ ಸಿನಿಮಾ ಬರಲಿಲ್ಲ. ಎಲ್ಲ ಕಿಂಡಿಗಳನ್ನೂ ತೆಗೆದು, ಓಣಿಯ ಕಡೆಯಿಂದ ತಗಡಿನ ಕೊಳವೆಗಳನ್ನು ಮಾಳಿಗೆಯ ಮೇಲಕ್ಕೆ ಒಯ್ದು, ವಖಾರದ ಘಾಟು ಮುಟ್ಟದ ಎತ್ತರದಿಂದ ಗಾಳಿ ಇಳಿಸಿದೆವು. ಬ್ಲೋವರೂ ನಡೆಯುವಂಥ ಜನರೇಟರ್ ಬಂತು. ನಡುವೆ ಅಪ್ಪಾಸಾಹೇಬರು ಯಾರನ್ನೋ ಕರೆಸಿ ಶಾಂತಿ ಮಾಡಿಸುತ್ತೇನೆ ಎಂದರು. "ಶಾಂತಿ ಆಮೇಲೆ, ಮೊದಲು ಕೊಳವೆ," ಎಂದೆ. ಆಟ ಮತ್ತೆ ಶುರುವಾದ ದಿನ ಅಕ್ಕಾತಾಯಿ ಬಂದಳು. ಟಿಕೆಟ್ ಬೇಡ ಎಂದರೂ ತೆಗೆಸಿಕೊಂಡೇ ಒಳಗೆ ಹೋಗಿ ಅದೇ ಕುರ್ಚಿಯಲ್ಲಿ ಕೂತಳು. ಆಟ ಮುಗಿಯುವವರೆಗೂ ಏಳಲಿಲ್ಲ. ಹೊರಗೆ ಬಂದಾಗ ನಾನು ಬಾಗಿಲಲ್ಲಿದ್ದೆ. "ಗಾಳಿ ಬರತೈತ್ರಿ," ಎಂದಳು. ಸಿನಿಮಾ ಹೇಗಿತ್ತು ಎಂದು ಹೇಳಲಿಲ್ಲ. ನೋಡಿದ್ದಳೋ ಇಲ್ಲವೋ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಓದಿಕೊಂಡ ಗೆಳೆಯರು ನನಗೆ ಬಹಳ ಬುದ್ಧಿ ಹೇಳಿದ್ದಾರೆ. ಗಾಳಿಯಾಡದ ಜಾಗದಲ್ಲಿ ಕೆಂಡ ಇಟ್ಟಿದ್ದೆ, ಅದರ ವಿಷಾನಿಲ ತಲೆಗೇರಿ ಇಲ್ಲದ್ದು ಕಂಡಿರಬೇಕು ಎನ್ನುತ್ತಾರೆ. ಇರಬಹುದು, ನನ್ನ ವಿದ್ಯೆಯೂ ಅದನ್ನೇ ಹೇಳುತ್ತದೆ. ಆದರೆ ಬಾಗಿಲಲ್ಲಿ, ಹೊರಗಿನ ಗಾಳಿಯಲ್ಲಿ ನಿಂತವನ ತಲೆಗೂ ಅದೇ ಅನಿಲ ಅದೇ ಹೆಂಗಸನ್ನು ತುಂಬಿತೇ? ನಾನು ಕಂಡಿರದ ಕಿಂಡಿ ಎಲ್ಲಿದೆ ಎಂದು ಆ ಅನಿಲಕ್ಕೆ ಹೇಗೆ ಗೊತ್ತಾಯಿತು? ಹಳೆಯ ಕಿಂಡಿಯ ಬಿರುಕಿನಿಂದ ಗಾಳಿಯ ಎಳೆ ಬಂದಿರಬೇಕು ಎಂದು ಇನ್ನೊಬ್ಬರು ಹೇಳಿದರು. ಗೋಡೆಯ ಗಿಲಾವಿನಲ್ಲಿ ಕೂದಲೆಳೆಯಷ್ಟೂ ಬಿರುಕು ಇರಲಿಲ್ಲ. ಒಡೆಸುವ ಮುಂಚೆ ನಾನೇ ಬೆರಳಾಡಿಸಿ ನೋಡಿದ್ದೆ. ಇನ್ನು ದೇವರು ದೆವ್ವದವರು, ಅವಳು ಬಂದು ತೋರಿಸಿದಳು ಎನ್ನುತ್ತಾರೆ. ಅದನ್ನೂ ನಾನು ಒಪ್ಪುವುದಿಲ್ಲ. ಪೈಪಿನ ಅಳು ನಿಲ್ಲಿಸಿದ ನಾನು ಈಗಲೂ ಅದೇ ಮನುಷ್ಯ. ಎರಡೂ ಕಡೆಯವರಿಗೆ ನನ್ನ ಮೇಲೆ ಸಿಟ್ಟು. ಇರಲಿ.

ಟಾಕೀಸು ಮುಚ್ಚುವವರೆಗೂ ಪ್ರತಿ ವರ್ಷ ಪರೀಕ್ಷೆಗೆ ನಾನೇ ಹೋದೆ. ಬೇಕೆಂದೇ ಕಿಂಡಿಗಳಿಗೆ ಅರಿವೆ ತುರುಕಿ, ಅದೇ ಕೆಂಡ, ಅದೇ ಲೋಬಾನ ಇಟ್ಟು, ಅದೇ ಜಾಗದಲ್ಲಿ ನಿಂತು ನೋಡಿದೆ. ಹೊಗೆ ಎಲ್ಲ ಕುರ್ಚಿಗಳನ್ನೂ ತುಂಬುತ್ತಿತ್ತು. ಎಂದೂ ಮತ್ತೆ ಹಾಗಾಗಲಿಲ್ಲ. ದಸ್ತಗೀರ ಮುಂದೆ ಮಿರಜ್ ಕಡೆ ಹೋದ. ಒಮ್ಮೆ ನಿಪ್ಪಾಣಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು ಚಹಾ ಕುಡಿಸಿದ, ಮಕ್ಕಳ ಸುದ್ದಿ ಹೇಳಿದ, ಹೊಸ ಯಂತ್ರಗಳ ಸುದ್ದಿ ಹೇಳಿದ. ಆ ಮಾತೊಂದು ತೆಗೆಯಲಿಲ್ಲ. ಬಸ್ಸು ಹತ್ತುವಾಗ ಮಾತ್ರ ನನ್ನ ಕೈ ಗಟ್ಟಿಯಾಗಿ ಹಿಡಿದು ಬಿಟ್ಟ.

ಅಂದಿನ ವರದಿಯಲ್ಲಿ ನಾನು ಕಂಡದ್ದನ್ನೆಲ್ಲ ಬರೆದಿದ್ದೆ. ಗೋಡೆ ಬದಿಯ ಕುರ್ಚಿಯಲ್ಲಿ ಹೊಗೆ ತುಂಬಲಿಲ್ಲ, ಒಬ್ಬ ವ್ಯಕ್ತಿ ಕುಳಿತಂತೆ ಇತ್ತು, ಉಸಿರಾಡಿದಂತೆ ಇತ್ತು ಎಂದು. ನಮ್ಮ ಸಂಸ್ಥೆಯ ಹಿರಿಯರು ಅದನ್ನು ಓದಿ, ಕಿಂಡಿಯ ಮಾತು ಇರಲಿ, ಈ ಮಾತು ಹೊಡೆದು ಹಾಕು, ಸಂಸ್ಥೆಯ ಮರ್ಯಾದೆ ಹೋಗುತ್ತದೆ ಎಂದರು. ಇಂಥದ್ದು ಬರೆಯುವವನನ್ನು ಮುಂದೆ ಯಾರು ಪರೀಕ್ಷೆಗೆ ಕರೆಯುತ್ತಾರೆ ಎಂದೂ ಕೇಳಿದರು. ನಾನು ಸಂಸಾರಸ್ಥ, ಕೆಲಸ ಬೇಕಾಗಿತ್ತು. ಆದರೂ ಒಪ್ಪಲಿಲ್ಲ. ಉಸಿರಿಗಾಗಿ ಗೋಡೆಗೆ ಮುಖ ಒತ್ತಿದವಳನ್ನು ಊರೆಲ್ಲ ಸೇರಿ ಒಮ್ಮೆ ದಮ್ಮಿನವಳು ಎಂದು ಹೊಡೆದು ಹಾಕಿತ್ತು. ಇನ್ನೊಮ್ಮೆ ನನ್ನ ಕೈಯಿಂದ ಅದು ಆಗುವುದಿಲ್ಲ ಎಂದೆ.

ಆ ಕುರ್ಚಿಯಲ್ಲಿ ಅಂದು ಏನಿತ್ತು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಏನೂ ಇರಲಿಲ್ಲ ಎಂದು ಬರೆದುಕೊಡಲು ಮಾತ್ರ ನಾನು ಇವತ್ತಿಗೂ ತಯಾರಿಲ್ಲ.